ಗೇರ್‌ಬಾಕ್ಸನ್ನು ಯಾರೂ ಕೇಳಲಿಲ್ಲ

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಶಹಾಪುರದಿಂದ ಸುರಪುರಕ್ಕೆ ಹೋಗುವಾಗ ಒಂದು ಕಲ್ಲುಗುಡ್ಡದ ಏರಿನಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರು ನಿಂತುಬಿಟ್ಟಿತ್ತು. ಅದನ್ನು ಕಂಡದ್ದೇ ನನ್ನ ಭಾಮೈದ ಶರಣುವಿನ ಕಣ್ಣು ಹೊಳೆಯಿತು. ಕೆಟ್ಟದ್ದು ಶುರುವಾದದ್ದು ಆ ಹೊಳಪಿನಿಂದ.

ಶರಣು ತನ್ನ ಎಸ್‌ಯುವಿಯ ಎಂಜಿನ್ನಿಗೆ ಹೈದರಾಬಾದಿನಲ್ಲಿ ಚಿಪ್ ಹಾಕಿಸಿ ಬಲ ಏರಿಸಿಕೊಂಡಿದ್ದ. ಬಂದೊಡನೆ ಬಾನೆಟ್ಟಿಗೆ ಕಾಯಿ ಒಡೆದು, ಹೂ ಏರಿಸಿ ಪೂಜೆಯನ್ನೂ ಮಾಡಿದ್ದ. ಎಂಜಿನ್ನು ಹುಟ್ಟಿಸಿದ ಬಲ ಚಕ್ರಕ್ಕೆ ಹಾರಿ ಹೋಗುವುದಿಲ್ಲವಲ್ಲ. ಕ್ಲಚ್ಚು, ಗೇರಿನ ಹಲ್ಲು, ಉದ್ದನೆಯ ಶಾಫ್ಟು ದಾಟಿ ಹೋಗಬೇಕು. ಇವು ಇಂತಿಷ್ಟೇ ಬಲ ತಡೆಯಲೆಂದು ಮಾಡಿದವು. ನಾನು ಹಾಗಂದರೆ ಅವನು ನಕ್ಕ: "ಮಾಮಾ, ಕಾಲೇಜಿನ್ಯಾಗ ಓದಿ ಓದಿ ನೀವು ಅಂಜುಬುರಕ ಆಗೀರಿ." ಹೂವು ಎಂಜಿನ್ನಿಗೆ ಬಿತ್ತು. ಕೆಳಗಿನ ಗೇರ್‌ಬಾಕ್ಸನ್ನು ಯಾರೂ ಕೇಳಲಿಲ್ಲ.

ಇನ್ನೊಂದನ್ನೂ ಯಾರೂ ಕೇಳಲಿಲ್ಲ. ನಮ್ಮ ಕಡೆ ಹತ್ತಿ ಬಿಡಿಸಿದ ಹೆಣ್ಣುಮಕ್ಕಳು ಸಂಜೆ ಅದೇ ಹೇರಿನ ಮೇಲೆ ಕೂತು ಊರಿಗೆ ಬರುತ್ತಾರೆ. ಅವರು ಕೂತರೆ ಹತ್ತಿ ಗಾಳಿಗೆ ಹಾರುವುದಿಲ್ಲ ಎಂಬುದು ಲೆಕ್ಕ. ಹೇರಿನ ಭಾರದಲ್ಲಿ ಅವರು ಲೆಕ್ಕಕ್ಕಿಲ್ಲ. ಅಂದೂ ಆರೇಳು ಮಂದಿ ಮೇಲಿದ್ದರು. "ಇಳೀರಿ" ಅಂತ ನಾನಂದೆ. "ಇಷ್ಟಕ್ಕ ಏನ್ ಇಳಸ್ತೀರಿ, ಎಳದ ಬಿಡ್ತೀನಿ" ಅಂದ ಶರಣು. ಅವರು ಇಳಿಯಲಿಲ್ಲ.

ಸರಪಳಿ ಕಟ್ಟಿದರು. ನಾನು ಅವನ ಪಕ್ಕ ಕೂತಿದ್ದೆ. ಎಂಜಿನ್ನು ಗುಡುಗಿತು, ಟ್ರ್ಯಾಕ್ಟರು ನಾಲ್ಕು ಮಾರು ಮೇಲೇರಿತು. ಆಮೇಲೆ ನಮ್ಮ ಕಾಲ ಕೆಳಗೆ ಎಲುಬು ಮುರಿದಂಥ ಸದ್ದು. ಎಂಜಿನ್ನು ಒದರುತ್ತಲೇ ಇತ್ತು, ಚಕ್ರಕ್ಕೆ ಅದರ ಸುದ್ದಿಯೇ ಇರಲಿಲ್ಲ. ಶರಣು ಬ್ರೇಕಿನ ಮೇಲೆ ನಿಂತ. ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಹಿಂದಿನ ಭಾರ ಸರಪಳಿ ಹಿಡಿದು ನಮ್ಮನ್ನೂ ಕೆಳಗೆ ಎಳೆಯಿತು. ಟ್ರ್ಯಾಲಿ ಅಡ್ಡ ತಿರುಗಿ, ಒಂದು ಬಂಡೆಗೆ ಒರಗಿ, ಒಂದು ಗಾಲಿ ಮೇಲೆತ್ತಿ ನಿಂತಿತು.

ಹೇರಿನ ಮೇಲಿಂದ ಭೀಮವ್ವನ ದನಿ ಬಂತು. ನಮ್ಮ ಓಣಿಯ ಹೆಂಗಸು, ಹತ್ತಿ ಬಿಡಿಸುವ ಗುಂಪಿನ ಹಿರಿಯಳು. "ಏ ಶರಣ್ಯಾ, ಸತ್ತೀವೇನು ಇದ್ದೀವೇನು ಒಂದೀಟ ನೋಡಿ ಹೇಳೋ!"

ಶರಣು ಅತ್ತ ನೋಡಲಿಲ್ಲ. ಗಾಡಿಯ ಅಡಿಗೆ ಬಗ್ಗಿ ಸೋರುವ ಎಣ್ಣೆ ನೋಡಿ, "ಗೇರ್‌ಬಾಕ್ಸ್ ಹೋತು ಮಾಮಾ" ಅಂತ ಅಳುವ ದನಿ ತೆಗೆದ.

ಯಾರೂ ಸಾಯಲಿಲ್ಲ. ಆದ್ದರಿಂದ ಇದು ಅಪಘಾತವೂ ಆಗಲಿಲ್ಲ, ಚಹಾದ ಅಂಗಡಿಯ ತಮಾಷೆಯಾಯಿತು. ಕಂಪನಿಯವರು ಗಟ್ಟಿ ಸಾಮಾನು ಹಾಕುವುದಿಲ್ಲ ಎಂದು ಶರಣು ಊರಿಗೆಲ್ಲ ಹೇಳಿದ. ನನಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಹತ್ತಿದರೆ ಬಲಗಾಲು ಮಂಚದ ತುದಿಯನ್ನು ಒತ್ತುತ್ತಿತ್ತು. "ಯಾರ ಗಾಡಿ ನಿಂದ್ರಸಾಕತ್ತೀರಿ?" ಅನ್ನುತ್ತಿದ್ದಳು ಹೆಂಡತಿ. ಅವಳ ತಮ್ಮನದೇ ಅಂತ ಹೇಳಲಿ ಹೇಗೆ?

ಮುಂದಿನ ಸಲ ಹತ್ತಿ ಬಿಡಿಸುವ ಹೊತ್ತಿಗೆ ಶರಣು ಹೊಸ ಗೇರ್‌ಬಾಕ್ಸು, ಗಟ್ಟಿ ಕ್ಲಚ್ಚು ಹಾಕಿಸಿಕೊಂಡು ಅದೇ ಏರಿನ ಕೆಳಗೆ ಸರಪಳಿ ಹಿಡಿದು ನಿಂತಿದ್ದ. ಹೇರು ಹೊತ್ತ ಟ್ರ್ಯಾಕ್ಟರು ಬಂದೊಡನೆ ಮೇಲಿದ್ದವರಿಗೆ ಕೂಗಿದ: "ಕೂತಿರ್ರಿ, ಈಗ ಭಾರಿ ಗಟ್ಟಿ ಐತಿ!"

ಭೀಮವ್ವ ಹೇರಿನಿಂದ ಜಾರಿ ಇಳಿದಳು. "ನಿನ್ನ ಗಾಡಿ ಗಟ್ಟಿ ಐತಿ ಯಪ್ಪಾ. ನಮ್ಮ ಎಲುಬಿಗೆ ಹೊಸಾವು ಎಲ್ಲಿ ಸಿಗ್ತಾವು?" ಅಂದು, ಸೀರೆ ಎತ್ತಿಕಟ್ಟಿ ಏರು ನಡೆದಳು. ಉಳಿದವರೂ ಒಬ್ಬೊಬ್ಬರಾಗಿ ಇಳಿದು ಹಿಂದೆ ನಡೆದರು. ಟ್ರ್ಯಾಕ್ಟರು ಏದುಸಿರು ಬಿಡುತ್ತ ತಾನೇ ಏರಿತು. ಶರಣು ಸರಪಳಿ ಹಿಡಿದೇ ಇದ್ದ.

 ಆ ರಾತ್ರಿ ಮಲಗಿದವನು ಬೆಳಗಾದ ಮೇಲೆಯೇ ಎದ್ದೆ.