ಯಂತ್ರದ ಹಣೆಯ ಕುಂಕುಮ

ಹೋದ ಮಂಗಳವಾರದಿಂದ ನನಗೆ ಅನ್ನ ಸೇರುತ್ತಿಲ್ಲ. ಕಾರಣ, ಒಂದು ಚಿಟಿಕೆ ಕುಂಕುಮ.

ನಮ್ಮ ಯಜಮಾನರು ಏರ್‌ಫೋರ್ಸ್‌ನಿಂದ ರಿಟೈರ್ ಆಗಿ, ಧರಮಪೇಠದ ಮನೆಯ ಮುಂದಿನ ಕೋಣೆಯಲ್ಲೇ ಲ್ಯಾಮಿನೇಶನ್ ಅಂಗಡಿ ಇಟ್ಟಿರುವುದು ನಿಮಗೆ ಗೊತ್ತು. (ರೇಷನ್ ಕಾರ್ಡು, ಜಾತಕ, ದೇವರ ಪಟ ಎಲ್ಲ ಆಯಿತು. ಈ ಓಣಿಯಲ್ಲಿ ಲ್ಯಾಮಿನೇಟ್ ಆಗದೆ ಉಳಿದವರು ನಾವಿಬ್ಬರೇ.) ಮೇಲೊಂದು, ಕೆಳಗೊಂದು ಪ್ಲಾಸ್ಟಿಕ್ ಸುರುಳಿ. ನಡುವೆ ಕಾಗದ ಕೊಟ್ಟರೆ ಬಿಸಿ ರೋಲರ್ ಮೂರನ್ನೂ ಒತ್ತಿ ಒಂದು ಮಾಡುತ್ತದೆ. ಒಮ್ಮೆ ಅಂಟಿತೆಂದರೆ ಮುಗಿಯಿತು. ಬಿಡಿಸಲು ಹೋದರೆ ಕಾಗದವೇ ಸುಲಿದು ಬರುತ್ತದೆ.

ಮಂಗಳವಾರ ಅವರು ಏನೋ ಕೆಲಸಕ್ಕೆಂದು ಸ್ಕೂಟರಿನಲ್ಲಿ ಊರಾಚೆಯ ಕಳಮೇಶ್ವರಕ್ಕೆ ಹೊರಟರು. ಹೊರಡುವಾಗ ಮಿಲಿಟರಿ ಆರ್ಡರ್: “ಮೊದಲಿಗೆ ರೋಲರ್ ಒರಸು. ಆಮ್ಯಾಲೆ ರದ್ದಿ ಕಾಗದ ಬಿಟ್ಟು ನೋಡು. ಅದು ಬರೋಬರ್ ಬಂದ್ರ ಮಾತ್ರ ಗಿರಾಕಿದು.”

ಅವರು ತಿರುವು ದಾಟುವಷ್ಟರಲ್ಲಿ ಹಿಂದಿನ ಓಣಿಯ ಸುಶೀಲಾಬಾಯಿ ಬಂದರು, ಮಗಳು ಮಂಗಲಾಳ ಜೊತೆ. ಈ ಮರಾಠಿ ಊರಿನಲ್ಲೂ ನಮ್ಮ ಧಾರವಾಡದ ಕಡೆಯವರೇ. ಹುಡುಗಿಯ ಕೈಯಲ್ಲಿ ಬಿ.ಕಾಂ. ಸರ್ಟಿಫಿಕೇಟ್, ಒರಿಜಿನಲ್. ಮಡಿಕೆಯಲ್ಲಿ ಆಗಲೇ ಹರಿಯತೊಡಗಿತ್ತು.

“ಆಂಟಿ, ಜಲ್ದಿ ಮಾಡ್ರಿ. ಕಲ್ ಸವೇರೆ ಬ್ಯಾಂಕ್ ಇಂಟರ್‌ವ್ಯೂ ಐತಿ. ಅಲ್ಲೇ ಹರಿದ್ರ ಏನ್ ಮಾಡ್ಲಿ?”

ಯಜಮಾನರು ಬರಲಿ, ಸಂಜೆ ಬಾ ಎನ್ನಬಹುದಿತ್ತು. ಅನ್ನಲಿಲ್ಲ. ನನಗೂ ಬರುತ್ತದೆ ಎಂಬ ಜಂಭ, ಇನ್ನೇನು?

ರೋಲರ್ ಒರೆಸಿದೆ. ಹಳೆಯ ಅಂಟೆಲ್ಲ ಬಟ್ಟೆಗೆ ಬಂತು. ಮುಚ್ಚಳದ ಹತ್ತಿರ ಕೈ ನಿಂತಿತು. ಅಲ್ಲಿ, ಕಾಗದ ಒಳಹೋಗುವ ಬಾಯಿಯ ಮೇಲೆಯೇ, ಖಂಡೇನವಮಿಯ ಆಯುಧಪೂಜೆಯಲ್ಲಿ ನಾನೇ ಹಚ್ಚಿದ ಕುಂಕುಮ. ಗಂಡ ಸ್ಕೂಟರಿನಲ್ಲಿ ಲಾರಿಗಳ ನಡುವೆ. ಇಂಥ ಹೊತ್ತಿನಲ್ಲಿ ಕುಂಕುಮ ಒರೆಸುವುದೇ? ನೀವಾದರೆ ಒರೆಸುತ್ತಿದ್ದಿರಾ? ಅದನ್ನು ಬಿಟ್ಟು ಸುತ್ತಲೂ ಒರೆಸಿದೆ.

ರದ್ದಿ ಕಾಗದ ಬಿಟ್ಟೆ. ಸುಕ್ಕು ಬಂತು. ಮೇಲಿನ ಸುರುಳಿ ಸಡಿಲವಾಗಿತ್ತು. ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಎರಡನೆಯದು ಗಾಜಿನ ಹಾಗೆ ಬಂತು.

ಸರ್ಟಿಫಿಕೇಟನ್ನು ಯಂತ್ರದ ಬಾಯಿಗೆ ಕೊಟ್ಟೆ. ಅರ್ಧ ಒಳಗೆ ಹೋಗಿರಬೇಕು, ಯಂತ್ರ ಗಡಗಡ ನಡುಗಿತು. ಒಣಗಿದ ಕುಂಕುಮದ ಚೂರೊಂದು ಕಾಗದದ ಮೇಲೆ ಉದುರಿತು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ರೋಲರ್ ಅದನ್ನು ನುಂಗಿಯಾಗಿತ್ತು.

ಹೊರಬಂದಾಗ ಕುಲಪತಿಗಳ ಸಹಿಯ ಮೇಲೇ ಕೆಂಪು ಚುಕ್ಕೆ. ಪ್ಲಾಸ್ಟಿಕ್‌ನ ಒಳಗೆ! ಕೆರೆದರೆ ಹೋಗುವಂಥದ್ದಲ್ಲ. ಮಂಗಲಾಳ ಕಣ್ಣಲ್ಲಿ ನೀರು.

ಸುಶೀಲಾಬಾಯಿ ಮಾತ್ರ ಚುಕ್ಕೆಯನ್ನು ಕಣ್ಣಿಗೊತ್ತಿಕೊಂಡರು. “ಅಳಬ್ಯಾಡ. ದೇವಿ ತಾನೇ ಕುಂಕುಮ ಹಚ್ಚ್ಯಾಳ. ನೌಕರಿ ಸಿಕ್ಕಂಗ ಅಂತ ತಿಳಿ.” ಆಮೇಲೆ ನನ್ನ ಕೈ ಹಿಡಿದು, “ನಿಮ್ಮ ಕೈಗುಣ ಛಲೋ ಐತ್ರಿ, ಅಕ್ಕಾರ.”

ದೇವಿಯಲ್ಲ ತಾಯಿ, ನಾನು ಒರೆಸದೆ ಬಿಟ್ಟದ್ದು ಎಂದು ಹೇಳಬೇಕಿತ್ತು. “ಹೌದ್ರಿ” ಅಂದೆ.

ಸಂಜೆ ಯಜಮಾನರು ಕ್ಷೇಮವಾಗಿ ಬಂದರು. ವಿಷಯ ಕೇಳಿ ಬಯ್ಯಲಿಲ್ಲ. ಒದ್ದೆ ಬಟ್ಟೆ ತಂದು ಮುಚ್ಚಳವನ್ನು ಒಮ್ಮೆ ಒರೆಸಿದರು, ಅಷ್ಟೆ.

ಬ್ಯಾಂಕಿನಿಂದ ಇನ್ನೂ ಉತ್ತರ ಬಂದಿಲ್ಲ. ನೌಕರಿ ಸಿಕ್ಕರೆ ದೇವಿಯ ಕೃಪೆ, ಒಪ್ಪಿದೆ. ಸಿಗದಿದ್ದರೆ ಆ ಚುಕ್ಕೆ ಯಾರದು?