ಅಲ್ಲಾಡದ ಗುಂಡು

ನೀರು ಶುದ್ಧೀಕರಿಸುವ ಘಟಕದಲ್ಲಿ ಇಪ್ಪತ್ತೆರಡು ವರ್ಷ ಒಂದೇ ಗಾಜಿನ ಕೊಳವೆಯನ್ನು ದಿಟ್ಟಿಸಿದ್ದಕ್ಕೆ ಅವನಿಗೆ ಸಿಕ್ಕ ಬಿರುದು ಗುಂಡಣ್ಣ. ಊರಿನ ಕುಡಿಯುವ ನೀರಿಗೆ ಕ್ಲೋರಿನ್ ಅನಿಲ ಎಷ್ಟು ಹೋಗುತ್ತಿದೆ ಎಂದು ಹೇಳುವುದು ಆ ಕೊಳವೆಯೊಳಗಿನ ಪುಟ್ಟ ಗುಂಡು. ಕೊಳವೆ ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ಕೆಳಗಿನಿಂದ ನುಗ್ಗುವ ಅನಿಲ ಗುಂಡನ್ನು ಎತ್ತುತ್ತದೆ. ಅದು ಮೇಲೇರಿದಷ್ಟೂ ಪಕ್ಕದಲ್ಲಿ ಅನಿಲ ನುಸುಳಲು ಜಾಗ ಹೆಚ್ಚುತ್ತದೆ. ಎತ್ತುವ ಬಲವೂ ಗುಂಡಿನ ಭಾರವೂ ಸರಿಸಮವಾದಲ್ಲಿ ಅದು ನಿಲ್ಲುತ್ತದೆ. ನಿಂತರೂ ಸಣ್ಣಗೆ ನಡುಗುತ್ತಿರುತ್ತದೆ, ಸಾಹೇಬರ ಮುಂದೆ ಗುಂಡಣ್ಣ ನಿಂತ ಹಾಗೆ.

ಎರಡು ದಿನದ ರಜೆ ಮುಗಿಸಿ ಬಂದಾಗ ಗುಂಡು ನಲವತ್ತರ ಗೆರೆಯಲ್ಲಿ ಕಲ್ಲಿನಂತೆ ಕೂತಿತ್ತು.

"ನೋಡಿ ಗುಂಡಣ್ಣ, ನೀವಿಲ್ಲದಾಗ ಎಷ್ಟು ಶಿಸ್ತು," ಎಂದರು ಹೊಸ ಸಾಹೇಬರು. "ಬೆಳಗಿನಿಂದ ಕೂದಲೆಳೆಯಷ್ಟೂ ಅಲ್ಲಾಡಿಲ್ಲ."

"ಅದೇ ಸಾರ್ ಭಯ. ಉಸಿರಿದ್ರೆ ಅಲ್ಲಾಡ್ಬೇಕಲ್ಲ?"

ಗುಂಡಣ್ಣ ಬೆರಳ ಗೆಣ್ಣಿನಿಂದ ಕೊಳವೆಯನ್ನು ಮೆಲ್ಲಗೆ ಕುಟ್ಟಿದ. ಗುಂಡು ಟಕ್ಕನೆ ತಳಕ್ಕೆ ಬಿತ್ತು. ಸಿಲಿಂಡರ್ ಯಾವಾಗಲೋ ಖಾಲಿಯಾಗಿ, ಊರು ಬೆಳಗಿನಿಂದ ಬರೀ ಕೆರೆನೀರು ಕುಡಿಯುತ್ತಿತ್ತು. ಜಿಡ್ಡಿಗೆ ಅಂಟಿಕೊಂಡ ಗುಂಡು ಮಾತ್ರ ಕುರ್ಚಿ ಬಿಟ್ಟಿರಲಿಲ್ಲ.

ಕೊಳವೆ ತೊಳೆದು, ಹೊಸ ಸಿಲಿಂಡರ್ ಜೋಡಿಸಿ, ಗುಂಡು ಮತ್ತೆ ನಡುಗುತ್ತಾ ಮೇಲೇರುವ ಹೊತ್ತಿಗೆ ಅವನ ಕೈಗೆ ನೋಟೀಸು ಬಂತು: ಸ್ಥಿರವಾಗಿದ್ದ ಮೀಟರನ್ನು ಕುಟ್ಟಿ ಕೆಡಿಸಿದ್ದೇಕೆ?

ಮರುದಿನ ಮನೆಯಲ್ಲಿ ಹೆಂಡತಿ ಲೋಟ ಮೂಸಿ ಮುಖ ಸಿಂಡರಿಸಿದಳು. "ಮತ್ತೆ ಅದೇ ನಿಮ್ಮ ಆಫೀಸಿನ ವಾಸನೆ. ನಿನ್ನೆ ನೀರು ಎಷ್ಟು ಚೆನ್ನಾಗಿತ್ತು."

"ಸಾಹೇಬರೂ ಅದನ್ನೇ ಹೇಳಿದ್ರು ಕಣೇ," ಎಂದು ಗುಂಡಣ್ಣ ಆ ಲೋಟವನ್ನೂ ತಾನೇ ಗಟಗಟ ಕುಡಿದ.