ಬಿಳಿಜೋಳ ತಿಂದ ಕೋಳಿಗಳು

ನನ್ನ ಕೋಳಿಗಳ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ನನ್ನ ಬಗ್ಗೆಯೇ ಏನಾದರೂ ಅಂದರೆ ಕೇಳಿಸದವಳ ಹಾಗೆ ಇದ್ದುಬಿಡಬಲ್ಲೆ. ಕೋಳಿಗಳ ಬಗ್ಗೆ ಅಂದರೆ ಮಾತ್ರ ಸುಮ್ಮನಿರುವುದು ನನ್ನಿಂದಾಗದು. ತಾಂಬಾದ ನಮ್ಮ ನಿಂಬೆ ತೋಟದಲ್ಲಿ ಈಗ ನೂರೈವತ್ತರ ಮೇಲೆ ಜವಾರಿ, ಅಂದರೆ ನಾಟಿ, ಕೋಳಿಗಳಿವೆ. ಅವುಗಳ ತತ್ತಿ ಇಂಡಿಗೂ ಹೋಗುತ್ತದೆ, ಸಿಂದಗಿಗೂ ಹೋಗುತ್ತದೆ. ಮೊಟ್ಟೆ ಎನ್ನುವುದು ನಮ್ಮ ಕಡೆ ಪಾಠದ ಪುಸ್ತಕದ ಮಾತು, ಹಾಗಾಗಿ ನಾನು ತತ್ತಿ ಎಂದೇ ಬರೆಯುತ್ತೇನೆ. ಕೋಳಿಗೆ ಏನು ತಿನ್ನಿಸಬೇಕು ಎಂದು ಕೇಳಲು ಜನ ಇವತ್ತು ನಮ್ಮ ತೋಟದ ಬೇಲಿಯ ಹತ್ತಿರ ಬಂದು ನಿಲ್ಲುತ್ತಾರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ.

ಆದರೆ ನಮ್ಮದು ತತ್ತಿ, ಮಾಂಸ ಮುಟ್ಟದ ಮನೆ. ತವರೂ ಅಷ್ಟೇ, ಗಂಡನ ಮನೆಯೂ ಅಷ್ಟೇ. ಕೋಳಿ ಸಾಕಲು ನನ್ನ ಮಾವ ಒಪ್ಪಿದ್ದು ನಿಂಬೆ ಗಿಡಗಳಿಗೆ ಗೊಬ್ಬರ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ. ಅದಕ್ಕೂ ಅವರು ಷರತ್ತು ಹಾಕಿದ್ದರು. ಕೋಳಿ ತೋಟ ಬಿಟ್ಟು ಅಂಗಳಕ್ಕೆ ಬರಬಾರದು, ತತ್ತಿ ಮನೆಯ ಹೊಸ್ತಿಲು ದಾಟಬಾರದು, ತೋಟದಿಂದ ಬಂದವಳು ಮೈತೊಳೆದುಕೊಳ್ಳದೆ ಅಡುಗೆಮನೆಗೆ ಕಾಲಿಡಬಾರದು. ಎಲ್ಲದಕ್ಕೂ ಹೂಂ ಅಂದೆ. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗುವ ನನ್ನ ಗಂಡ ಇದರಲ್ಲಿ ತಲೆ ಹಾಕಲಿಲ್ಲ, ಅದೇ ಅವರು ನನಗೆ ಮಾಡಿದ ಉಪಕಾರ.

ಕೋಳಿ ನನಗೆ ಹೊಸದಾಗಿತ್ತು, ಮೇವು ಹೊಸದಾಗಿರಲಿಲ್ಲ. ಮನಗೂಳಿಯ ನನ್ನ ತವರಿನಲ್ಲಿ ಎಣ್ಣೆ ಗಾಣವಿತ್ತು. ಹಿಂಡಿಯ ಚೀಲಗಳ ಮೇಲೆ ಕುಳಿತು ಓದಿ ಬರೆದವಳು ನಾನು. ಶೇಂಗಾ ಹಿಂಡಿಯ ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಅದು ಹೊಸದೋ ಹಳೆಯದೋ, ಬೂಷ್ಟು ಹತ್ತಿದೆಯೋ ಇಲ್ಲವೋ ಹೇಳಿಬಿಡುತ್ತೇನೆ. ಬೂಷ್ಟು ಹತ್ತಿದ ಹಿಂಡಿ ಕೋಳಿಗೆ ವಿಷ. ಅಂಗಡಿಯವರು ಎಷ್ಟೋ ಸಲ ಅಂಥ ಚೀಲವನ್ನು ನನ್ನ ತಲೆಗೆ ಕಟ್ಟಲು ನೋಡಿದ್ದಾರೆ, ಒಂದು ಸಲವೂ ಆಗಿಲ್ಲ.

ಮೊದಲೆರಡು ವರ್ಷ ಕೋಳಿಗಳು ತೋಟದ ತುಂಬ ತಿರುಗಿಕೊಂಡಿದ್ದವು. ಹುಳ ಹುಪ್ಪಡಿ, ಕಸ ಕಡ್ಡಿ, ಕಂಡದ್ದನ್ನು ಕೆದರಿ ತಿನ್ನುತ್ತಿದ್ದವು. ಆಮೇಲೆ ಬೀದಿನಾಯಿಗಳ ಕಾಟ ಶುರುವಾಯಿತು. ಒಂದೇ ವಾರದಲ್ಲಿ ಹನ್ನೊಂದು ಕೋಳಿ ಹೋದವು. ಅವತ್ತು ನಾನು ಅತ್ತಿದ್ದು ನಿಜ, ಅದಕ್ಕಿಂತ ಹೆಚ್ಚು ನಾಯಿಗಳನ್ನು ಬೈದಿದ್ದೂ ನಿಜ. ಸುತ್ತಲೂ ತಂತಿಯ ಜಾಳಿಗೆ ಹೊಡೆಸಿ, ಮೇಲೆ ತಗಡು ಹಾಕಿಸಿ, ಕೋಳಿಗಳನ್ನು ಒಳಗೇ ಸಾಕತೊಡಗಿದೆ. ಅಲ್ಲಿಂದ ಅವುಗಳ ಹೊಟ್ಟೆ ಪೂರ್ತಿ ನನ್ನ ಕೈಗೆ ಬಂತು.

ನಾನೇನು ಕಡಿಮೆಯವಳೇ. ನಾವು ರೊಟ್ಟಿ ಬಡಿಯುವ ಹಿಂಗಾರಿ ಬಿಳಿಜೋಳವನ್ನೇ ನುಚ್ಚು ಒಡೆಸಿದೆ. ಅದಕ್ಕೆ ಶೇಂಗಾ ಹಿಂಡಿ ಸೇರಿಸಿದೆ, ಯಾಕೆಂದರೆ ಬರೀ ಜೋಳ ತಿಂದ ಕೋಳಿ ದಪ್ಪವಾಗುತ್ತದೆ, ತತ್ತಿ ಇಡುವುದಿಲ್ಲ. ತೊಗರಿ ಬೇಳೆ ಮಾಡುವಾಗ ಉಳಿಯುವ ಚುನ್ನಿ ಸೇರಿಸಿದೆ. ತತ್ತಿಯ ಸಿಪ್ಪೆ ಗಟ್ಟಿಯಾಗಲೆಂದು ಸುಣ್ಣದ ಕಲ್ಲಿನ ಹರಳನ್ನು ಬೇರೆ ಡಬ್ಬಿಯಲ್ಲಿ ಇಟ್ಟೆ. ಗೋವಿನಜೋಳ ಹಾಕು ಎಂದು ಇಂಡಿಯ ಮೇವಿನ ಅಂಗಡಿಯವರು ಹೇಳಿದಾಗ ನಾನು ಮೂಗು ಮುರಿದೆ. ಗೋವಿನಜೋಳ ಫಾರ್ಮಿನ ಕೋಳಿ ತಿನ್ನುವುದು. ನಮ್ಮವು ಬಿಳಿಜೋಳ ತಿನ್ನುತ್ತವೆ.

ತತ್ತಿಗಳೂ ಹಾಗೇ ಬಂದವು. ಸಿಪ್ಪೆ ಗಟ್ಟಿ, ತೂಕ ಒಳ್ಳೆಯದು, ದಿನಕ್ಕೆ ಒಂದು ಬುಟ್ಟಿ. ಹೊಟ್ಟಿನ ಮೇಲೆ ಜೋಡಿಸಿಕೊಂಡು ವಾರಕ್ಕೆರಡು ಸಲ ಬಸ್ಸಿನಲ್ಲಿ ಸಿಂದಗಿಗೆ ಒಯ್ಯುತ್ತಿದ್ದೆ. ಅಲ್ಲಿ ಒಂದು ಖಾನಾವಳಿ ಇತ್ತು. ಅದನ್ನು ನಡೆಸುವ ಅಕ್ಕ ಐವತ್ತರ ಹತ್ತಿರದವರು, ಮಾತು ನೇರ, ಕೈ ಚುರುಕು. ಬುಟ್ಟಿ ಇಳಿಸುವಾಗಲೆಲ್ಲ ನಾನು ಅವರ ಮುಂದೆ ಜಂಬ ಕೊಚ್ಚುತ್ತಿದ್ದೆ.

"ಅಕ್ಕಾರ, ನಾವ್ ತಿನ್ನೂ ಜೋಳಾನ ನಮ್ಮ ಕೋಳಿ ತಿಂತಾವರಿ."

"ಹಂಗೇನ ತಂಗಿ?" ಎಂದು ಅವರು ನಗುತ್ತಿದ್ದರು.

ದಸರೆಗೆ ನಾಲ್ಕು ದಿನ ಇರುವಾಗ ಅವರು ನಗಲಿಲ್ಲ. ನಾನು ಬುಟ್ಟಿ ಇಳಿಸುವ ಮೊದಲೇ ಒಳಗೆ ಕರೆದರು. ಊಟದ ಹೊತ್ತು, ಏಳೆಂಟು ಜನ ಕುಳಿತಿದ್ದರು. ಒಲೆಯ ಪಕ್ಕದ ತಾಟಿನಲ್ಲಿ ನನ್ನ ಎರಡು ತತ್ತಿ ಒಡೆದಿಟ್ಟಿದ್ದರು.

"ಇವು ಜವಾರಿ ತತ್ತಿ ಏನ್ ತಂಗಿ?"

"ಹೌದ್ರಿ ಅಕ್ಕಾರ."

"ಸುಳ್ಳ ಹೇಳಬ್ಯಾಡ. ಎರಡ ತಿಂಗಳಾತು ನೋಡಾಕತ್ತೇನಿ. ಜವಾರಿ ತತ್ತಿ ಒಡದ್ರ ಒಳಗ ಅರಿಷಿಣ ಕಂಡಂಗ ಕಾಣಬೇಕು. ಇದು ಹಾಲಿನಂಗ ಬೆಳ್ಳಗ ಐತಿ. ಫಾರ್ಮಿನ ತತ್ತಿ ಸುದ್ದಾ ಇದಕಿಂತ ಹಳದಿ ಇರ್ತಾವ. ಎಲ್ಲಿಂದ ತಂದು ಜವಾರಿ ಅಂತ ನನಗ ಹಾಕಾಕತ್ತಿ?"

ಅಲ್ಲೇ ದಿನಾ ಊಟ ಮಾಡುವ ಒಬ್ಬ ರೊಟ್ಟಿ ಮುರಿಯುವುದನ್ನು ಬಿಟ್ಟು ನಕ್ಕ. "ಬಣ್ಣಾ ಹಚ್ಚೂದು ಮರತಾರ ಬಿಡ್ರಿ," ಅಂದ. ಉಳಿದವರೂ ನಕ್ಕರು.

ಬಾಯಿ ಇಲ್ಲದವಳಲ್ಲ ನಾನು. ಆದರೆ ತತ್ತಿಯ ಒಳಗೆ ಹೇಗಿರಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಸಾವಿರಗಟ್ಟಲೆ ತತ್ತಿ ಆಯ್ದಿದ್ದೆ, ಒರೆಸಿದ್ದೆ, ಅಂಗೈಯಲ್ಲಿ ತೂಗಿ ನೋಡಿದ್ದೆ. ಒಂದೇ ಒಂದನ್ನೂ ಒಡೆದು ನೋಡಿರಲಿಲ್ಲ. ನಮ್ಮಂಥ ಮನೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಬಸ್ಸಿನಲ್ಲಿ ಊರಿನ ತನಕ ಕಣ್ಣೀರು ತಡೆದುಕೊಂಡಿದ್ದೆ.

ಮಾವನಿಗೆ ಎಲ್ಲವನ್ನೂ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳಲಿ ಅನ್ನಿಸಿತು. ಕಟ್ಟೆಯ ಮೇಲೆ ಕುಳಿತು ಪೂರ್ತಿ ಕೇಳಿ ಅವರು ಮೆಲ್ಲಗೆ ಮಾತಾಡಿದರು. ಮಾವ ಮೆಲ್ಲಗೆ ಮಾತಾಡಿದರೆ ಅದು ಗದರಿಸುವುದಕ್ಕಿಂತ ಕೆಟ್ಟದ್ದು.

"ನೋಡವಾ, ಕೋಳಿ ಸಾಕ್ಯಾರ ಅಂತ ಮಂದಿ ನಕ್ಕರು, ತಡಕೊಂಡೆ. ಮೋಸಾ ಮಾಡ್ತಾರ ಅಂದ್ರ ತಡಕೊಳ್ಳೂದಿಲ್ಲ. ದೀಪಾವಳಿ ಅಮಾಸಿ ದಿನಾ ತೋಟದಾಗ ಒಂದ ಕೋಳಿನೂ ಇರಬಾರದು."

"ಅಮಾಸಿತನಕಾ ನನಗ ಬಿಡ್ರಿ ಮಾವಾರ. ನಾ ಖರೇ ಅದೇನಿ ಅಂತ ಆಕಿ ಬಾಯಿಂದನ ಅನಸ್ತೇನಿ."

"ಅನಸದಿದ್ರ?"

"ನಾನ ಗಾಡಿ ತರಸಿ ಕೋಳಿ ತುಂಬಿ ಕಳಸ್ತೇನ್ರಿ."

ಹೇಳಿಬಿಟ್ಟೆ.

ಮರುದಿನ ಬೆಳಿಗ್ಗೆ ಪಕ್ಕದ ಹೊಲದ ಆಯಿಯ ಹತ್ತಿರ ಹೋದೆ. ಅವರದು ಕುರಿ ಸಾಕುವ ಮನೆ. ಆಯಿಗೆ ಎಪ್ಪತ್ತರ ಮೇಲೆ. ಅವರ ಐದಾರು ಕೋಳಿಗಳು ಬೇಲಿ, ತಿಪ್ಪೆ, ಮೆಂತೆಯ ಮಡಿ ಎಲ್ಲ ಸುತ್ತಿಕೊಂಡು ಬರುತ್ತಿದ್ದವು. ಅವುಗಳಿಗೆ ಯಾರೂ ಇದನ್ನು ತಿನ್ನು ಎಂದು ಹಾಕಿದವರಲ್ಲ. ಆಯಿ ಒಂದು ತಾಟು ತಂದು ತಮ್ಮ ಒಂದು ತತ್ತಿ ಒಡೆದರು. ಪಕ್ಕದಲ್ಲಿ ನನ್ನದನ್ನು ಒಡೆ ಎಂದರು.

ತಾಟಿನ ಅಂಚಿಗೆ ಎರಡು ಸಲ ಕುಟ್ಟಿದೆ, ಒಡೆಯಲಿಲ್ಲ. ಮೂರನೆಯ ಸಲಕ್ಕೆ ಸಿಪ್ಪೆ, ಲೋಳೆ ಎಲ್ಲ ನನ್ನ ಬೆರಳ ಮೇಲೆ ಹರಿಯಿತು. ಮುಖ ಆ ಕಡೆ ತಿರುಗಿಸಿ, ಆಮೇಲೆ ಧೈರ್ಯ ಮಾಡಿ ನೋಡಿದೆ. ಆಯಿಯ ತತ್ತಿಯ ನಡುವೆ ಗಾಢವಾದ ಹಳದಿ ಇತ್ತು. ನನ್ನದರ ನಡುವೆ ಇದ್ದದ್ದನ್ನು ಹಳದಿ ಎನ್ನಲು ನನಗೇ ಮನಸ್ಸಾಗಲಿಲ್ಲ. ಸಿಂದಗಿಯ ಅಕ್ಕ ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು.

"ಹಸಿರು ಏನ ಹಾಕ್ತಿಯವ್ವಾ?" ಎಂದು ಆಯಿ ಕೇಳಿದರು.

"ಹಸಿರು ಇಲ್ಲಾಯಿ. ಬಿಳಿಜೋಳ, ಹಿಂಡಿ, ಚುನ್ನಿ."

"ಬೆಳ್ಳಂದು ತಿನ್ನಿಸಿ ಹಳದಿ ಕೊಡು ಅಂದ್ರ ಅದಾರ ಎಲ್ಲಿಂದ ತರಬೇಕು? ಹೊರಗ ಬಿಟ್ಟಾಗ ಅವ ಹುಡುಕೊಂಡು ತಿಂತಿದ್ವು. ಜಾಳಿಗಿ ಹಾಕಿದಿ, ನೀನ ಕೊಡಬೇಕಲಾ."

ನಾನು ಅಲ್ಲೇ ಕುಳಿತುಬಿಟ್ಟೆ. ಕೋಳಿಗೆ ಬಲ ಕೊಡುವುದೆಲ್ಲ ಕೊಟ್ಟಿದ್ದೆ, ಬಣ್ಣ ಕೊಡುವುದನ್ನು ಕಿತ್ತುಕೊಂಡಿದ್ದೆ. ನಾನು ಮೂಗು ಮುರಿದ ಗೋವಿನಜೋಳದಲ್ಲಿ ಆ ಹಳದಿ ಇತ್ತು. ಅದನ್ನು ತಿಂದ ಫಾರ್ಮಿನ ಕೋಳಿಯ ತತ್ತಿ ನನ್ನ ಜವಾರಿಯದಕ್ಕಿಂತ ಚೆಂದ ಕಂಡದ್ದರಲ್ಲಿ ಅಚ್ಚರಿ ಏನಿತ್ತು. ನನ್ನ ಜಂಬಕ್ಕೆ ಸರಿಯಾಗಿಯೇ ಬಿತ್ತು ಏಟು.

ಅವತ್ತೇ ಇಂಡಿಗೆ ಹೋಗಿ ಗೋವಿನಜೋಳ ತಂದೆ. ಅಂಗಡಿಯವರು ಒಂದು ಪೊಟ್ಟಣ ಮುಂದಿಟ್ಟು, "ಇಷ್ಟೆಲ್ಲಾ ಯಾಕ್ರಿ ಅಕ್ಕಾರ, ಈ ಬಣ್ಣದ ಪುಡಿ ಕಲಸ್ರಿ, ವಾರದಾಗ ಕೆಂಪಗಾಕ್ಕಾವ," ಅಂದರು. ಆ ಪೊಟ್ಟಣವನ್ನು ಅವರ ಗಲ್ಲಾದ ಮೇಲೆ ಕುಕ್ಕಿದೆ. ಅದನ್ನು ಹಾಕಿದ್ದರೆ ಖಾನಾವಳಿಯಲ್ಲಿ ನಕ್ಕವನ ಮಾತು ನಿಜವಾಗುತ್ತಿತ್ತು.

ಜೋಳದ ನುಚ್ಚಿನಲ್ಲಿ ಅರ್ಧ ತೆಗೆದು ಗೋವಿನಜೋಳ ಹಾಕಿದೆ. ಒಮ್ಮೆಲೇ ಬದಲಿಸಿದರೆ ಕೋಳಿ ತಿನ್ನುವುದು ಬಿಡುತ್ತದೆ, ಹಾಗಾಗಿ ದಿನಕ್ಕೆ ಸ್ವಲ್ಪ ಸ್ವಲ್ಪ. ಬಾವಿಯ ಹತ್ತಿರದ ನುಗ್ಗೆ ಗಿಡದ ಸೊಪ್ಪು ಮುರಿದು ಜಾಳಿಗೆಗೆ ಕಟ್ಟಿದೆ. ಹೂ ಬಂದು ಮಾರಾಟವಾಗದ ಮೆಂತೆಯನ್ನು ತಂದು ಹಾಕಿದೆ. ದಸರೆಯ ಆಯುಧ ಪೂಜೆ, ನಮ್ಮ ಕಡೆಯ ಖಂಡೆ ಪೂಜೆ, ಮುಗಿದ ಮೇಲೆ ಊರಿನ ಟ್ರ್ಯಾಕ್ಟರು, ಜೀಪುಗಳ ಮೇಲೆ ಚೆಂಡು ಹೂವಿನ ಮಾಲೆಗಳು ಬಾಡಿ ನೇತಾಡುತ್ತಿದ್ದವು. ಕೇಳಿ ಕೇಳಿ ಬಿಚ್ಚಿಕೊಂಡು ಬಂದು, ಎಸಳು ಬಿಡಿಸಿ ಮೇವಿಗೆ ಬೆರೆಸಲು ನೆರಳಿನಲ್ಲಿ ಒಣಹಾಕಿದೆ. ಮಾವ ತೋಟಕ್ಕೆ ಬಂದವರು ಅದನ್ನು ನೋಡಿ ನಿಂತರು.

"ದೇವರಿಗೆ ಏರಿಸಿದ್ದ ಹೂವೇನು?"

"ಅಲ್ರಿ ಮಾವಾರ. ಟ್ರ್ಯಾಕ್ಟರ್ ಮ್ಯಾಲಿನವ್ರಿ."

ಟ್ರ್ಯಾಕ್ಟರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯಲಿಲ್ಲವೇನೋ, ಅವರು ನಿಂಬೆ ಗಿಡಗಳ ಕಡೆ ನಡೆದರು.

ದಿನಕ್ಕೊಂದು ತತ್ತಿ ಒಡೆದು ನೋಡುತ್ತಿದ್ದೆ. ಈಗ ಒಂದೇ ಏಟಿಗೆ ಒಡೆಯಲು ಕಲಿತಿದ್ದೆ. ಒಡೆದದ್ದು ಆಯಿಯ ಒಲೆಗೆ ಹೋಗುತ್ತಿತ್ತು. ಮೂರನೆಯ ದಿನ ಏನೂ ಇಲ್ಲ. ಐದನೆಯ ದಿನವೂ ಇಲ್ಲ. ಅವತ್ತು ಕೋಳಿಗಳ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ನನಗೇ ನಾಚಿಕೆಯಾಗಿ ಇನ್ನೊಂದು ಹಿಡಿ ಸೊಪ್ಪು ಹಾಕಿದೆ. ಎಂಟನೆಯ ದಿನ, ಬಣ್ಣ ಬಂದಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಬದಲಾಯಿತು. ಕೋಳಿಯ ಹೊಟ್ಟೆಯಲ್ಲಿ ಹಳದಿ ಪದರ ಪದರವಾಗಿ ಬೆಳೆಯಲು ಅಷ್ಟು ದಿನ ಬೇಕು ಎಂದು ಆಗ ತಿಳಿಯಿತು. ಹನ್ನೆರಡನೆಯ ದಿನದ ತತ್ತಿಯನ್ನು ಆಯಿಯ ತತ್ತಿಯ ಪಕ್ಕ ಒಡೆದೆ. ಯಾವುದು ಯಾರದು ಎಂದು ಆಯಿಗೇ ಗೊತ್ತಾಗಲಿಲ್ಲ. ನಾನು ಆ ಮುದುಕಿಯನ್ನು ತಬ್ಬಿಕೊಂಡೆ, ಕೈಗೆ ಲೋಳೆ ಹತ್ತಿದ್ದೂ ನೆನಪಿರಲಿಲ್ಲ.

ಎಲ್ಲ ತತ್ತಿಗೂ ಆ ಬಣ್ಣ ಬರಲೆಂದು ಕಾದು, ಅಮಾವಾಸ್ಯೆಗೆ ಎರಡು ದಿನ ಮೊದಲು ಬುಟ್ಟಿ ತುಂಬಿಕೊಂಡು ಹೊರಟೆ. ಬಸ್ ನಿಲ್ದಾಣದಲ್ಲಿ ಮಾವ ಆಗಲೇ ಬಂದು ನಿಂತಿದ್ದರು, ರುಮಾಲು ಸುತ್ತಿಕೊಂಡು. ನನ್ನ ಜೊತೆ ಅವರೂ ಬಸ್ಸು ಹತ್ತಿದರು. ಖಾನಾವಳಿ ಬಂದಾಗ ಅವರು ಒಳಗೆ ಕಾಲಿಡದೆ ಬಾಗಿಲ ಹೊರಗೆ ಬಿಸಿಲಲ್ಲೇ ನಿಂತರು.

ಬೇಕೆಂದೇ ಊಟದ ಹೊತ್ತಿಗೆ ಹೋಗಿದ್ದೆ. "ಅಕ್ಕಾರ, ಬುಟ್ಯಾಗಿಂದು ಯಾವುದರ ಒಂದು ನೀವ ಆರಿಸಿ ಒಡೀರಿ," ಅಂದೆ. ಅವರು ನನ್ನ ಮುಖ ನೋಡಿ, ಬುಟ್ಟಿಯ ತಳದಿಂದ ಒಂದನ್ನು ತೆಗೆದು ಒಡೆದರು. ಇನ್ನೊಂದು ಒಡೆದರು. ಮೂರನೆಯದನ್ನೂ ಒಡೆದು ಕೈ ಒರೆಸಿಕೊಂಡರು. ನಡೆದದ್ದನ್ನೆಲ್ಲ ನಾನು ಮುಚ್ಚುಮರೆ ಇಲ್ಲದೆ ಹೇಳಿದೆ, ನಾವು ತತ್ತಿ ತಿನ್ನದವರು ಎಂಬುದನ್ನೂ, ಬಾಗಿಲ ಹೊರಗೆ ನಿಂತವರು ನನ್ನ ಮಾವ ಎಂಬುದನ್ನೂ. ಬಿಳಿಜೋಳ ಹಾಕಿದ್ದು ನನ್ನ ತಪ್ಪು, ಕೋಳಿ ಮಾತ್ರ ಅವತ್ತೂ ಜವಾರಿ, ಇವತ್ತೂ ಜವಾರಿ ಅಂದೆ.

ಅಕ್ಕ ತಾಟನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಮಾವನ ಮುಂದೆ ಹಿಡಿದರು. "ನೋಡ್ರಿ ಗೌಡ್ರ. ಅವತ್ತ ನಿಮ್ಮ ಸೊಸಿಗೆ ಸುಳ್ಳಗಾರ್ತಿ ಅಂದಿದ್ದೆ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ಹೇಳ್ತೇನಿ, ತಪ್ಪಾತು." ಹುಟ್ಟಿದಾಗಿನಿಂದ ತತ್ತಿಯ ಒಳಗನ್ನು ಕಾಣದ ಮಾವ ಆ ತಾಟನ್ನು ಬಹಳ ಹೊತ್ತು ನೋಡಿದರು.

ಅವತ್ತು ನಕ್ಕವನು ಇವತ್ತೂ ಅಲ್ಲೇ ಊಟಕ್ಕೆ ಕುಳಿತಿದ್ದ. ಸೋಲಲು ಮನಸ್ಸಿಲ್ಲದೆ ಅವನು ನನ್ನ ಕಡೆ ತಿರುಗಿದ.

"ಅಲ್ರಿ ಅಕ್ಕಾರ, ನೀವು ತತ್ತಿ ಬಾಯಾಗ ಇಡವರಲ್ಲ. ಇದು ಛಲೋ ಐತಿ, ಇದು ಜವಾರಿ ಐತಿ ಅಂತ ನಿಮಗರ ಹೆಂಗ ಗೊತ್ತು?"

ನಾನು ಬಾಯಿ ತೆರೆಯುವುದರೊಳಗೆ ಹೊರಗಿನಿಂದ ಮಾವನ ದನಿ ಬಂತು. ಈ ಸಲ ಮೆಲ್ಲಗಿರಲಿಲ್ಲ, ಖಾನಾವಳಿಯ ಹಿಂದಿನ ಗೋಡೆಗೂ ಕೇಳುವಂತಿತ್ತು.

"ಆಕಿ ತಿನ್ನಾಕಿ ಅಲ್ಲಪಾ, ತಿನ್ನಸಾಕಿ. ಕೋಳಿ ಹೊಟ್ಟಿಗಿ ಏನ ಹೋಗೇತಿ ಅನ್ನೂದು ನಮ್ಮ ಸೊಸಿಗೆ ಗೊತ್ತೈತಿ. ನೀ ಸುಮ್ನ ಉಣ್ಣು."